ಈ ಅಳತೆ ಈ ಕೋವಿಯದು

"ಸಾರ್, ಹೊಡೆದು ಖಾಲಿಯಾದ ತೋಟಾನ ಮನೇಲೇ ಮತ್ತೆ ತುಂಬ್ಕೋಬೋದಾ?" ರಾವಂದೂರಿನ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ನಿವೃತ್ತ ಯೋಧರೊಬ್ಬರು ಹೀಗೆ ಕೇಳಿ, ಅಂಗಿ ಜೇಬಿನಿಂದ ಎರಡು ಹಿತ್ತಾಳೆ ಚಿಪ್ಪು ತೆಗೆದು ಮೇಜಿನ ಮೇಲಿಟ್ಟರು. ಸೇನೆ ಬಿಟ್ಟು ಬಂದು ಊರಲ್ಲಿ ಹೊಗೆಸೊಪ್ಪು, ಶುಂಠಿ ಬೆಳೆಯುತ್ತಿರುವ ಅವರ ಬಳಿ ಪರವಾನಗಿ ಪಡೆದ ಪಾಯಿಂಟ್ 32 ರಿವಾಲ್ವರ್ ಇದೆ. ತೋಟಾದ ಬೆಲೆ ಏರುತ್ತಲೇ ಇದೆ, ಬೇಕೆಂದಾಗ ಅಂಗಡಿಯಲ್ಲಿ ಸಿಗುವುದೂ ಇಲ್ಲ ಎಂಬುದು ಅವರ ಕಷ್ಟ. ಅಮೆರಿಕದಲ್ಲಿ ಜನ ಮನೆಯ ಮೂಲೆಯಲ್ಲಿ ಸಣ್ಣದೊಂದು ಯಂತ್ರ ಇಟ್ಟುಕೊಂಡು ಪಿಸ್ತೂಲಿನ ತೋಟಾ ತುಂಬುವುದನ್ನು ಮೊಬೈಲಿನಲ್ಲಿ ನೋಡಿದ್ದಾರೆ. ಚಿಪ್ಪು ಕೈಯಲ್ಲಿದೆ, ಕೈಗೆ ಕೆಲಸವೂ ಗೊತ್ತಿದೆ, ಹಾಗಿದ್ದ ಮೇಲೆ ನಾವೇಕೆ ಮಾಡಬಾರದು? ಹುಣಸೂರು, ಎಚ್.ಡಿ. ಕೋಟೆ ಕಡೆಯ ಓದುಗರೂ ಇದನ್ನೇ ಬೇರೆ ಬೇರೆ ಮಾತಿನಲ್ಲಿ ಕೇಳಿದ್ದಾರೆ. ಕೆಲವರದು ಕೈಬಂದೂಕು, ಹೆಚ್ಚಿನವರದು ಹನ್ನೆರಡು ಬೋರಿನ ತೋಟಾ ಕೋವಿ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ತುಂಬಬಾರದು. ನಮ್ಮ ದೇಶದ ಕಾನೂನು ಅದಕ್ಕೆ ಒಪ್ಪುವುದಿಲ್ಲ. ಒಪ್ಪಿದ್ದರೂ ಅದು ವಿಡಿಯೊ ನೋಡಿ ಕಲಿಯುವ ಕೆಲಸವಲ್ಲ. ಆದರೆ 'ಬಾರದು' ಎಂದು ಹೇಳಿ ಎದ್ದುಬಿಟ್ಟರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಏಕೆಂದರೆ ನಮ್ಮ ಸೀಮೆಯಲ್ಲಿ ಮದ್ದು, ಗುಂಡು, ಕೇಪು ಯಾವುದೂ ಹೊಸದಲ್ಲ. ನಮ್ಮ ಅಜ್ಜಂದಿರು ಹೊಲ ಕಾಯುವಾಗ ದಿನಾ ತುಂಬುತ್ತಿದ್ದರಲ್ಲ, ಅವರಿಗೆ ಆಗಿದ್ದು ನಮಗೇಕೆ ಆಗದು ಎಂಬ ಮಾತು ಬಂದೇ ಬರುತ್ತದೆ. ಆ ಮಾತಿಗೆ ಉತ್ತರ ಕೊಡಬೇಕಾದರೆ ನಮ್ಮ ದೊಡ್ಡಪ್ಪನ ಕೋವಿಯಿಂದಲೇ ಶುರು ಮಾಡಬೇಕು.

ದೊಡ್ಡಪ್ಪನದು ಒಂಟಿ ನಳಿಗೆಯ ಕೇಪಿನ ಕೋವಿ. ಪರವಾನಗಿ ಪುಸ್ತಕದಲ್ಲಿ ಇದನ್ನೇ ಎಸ್.ಬಿ.ಎಂ.ಎಲ್. ಎಂದು ಬರೆಯುತ್ತಾರೆ, ಅಂದರೆ ಬಾಯಿಂದ ತುಂಬುವ ಒಂಟಿ ನಳಿಗೆ. ಮುಸುಕಿನ ಜೋಳ ತೆನೆಗಟ್ಟುವ ದಿನಗಳಲ್ಲಿ ಅವರು ಸಂಜೆಗೇ ಹೊಲದ ಅಟ್ಟಣೆ ಏರುತ್ತಿದ್ದರು. ಏರುವ ಮೊದಲು ಕೋವಿ ತುಂಬುವುದನ್ನು ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಸೊಂಟದ ಚೀಲದಿಂದ ಬಿದಿರಿನ ಗಿಡ್ಡ ಕೊಳವೆಯೊಂದನ್ನು ತೆಗೆದು, ಅದರ ಅಂಚಿಗೆ ಸಮನಾಗಿ ಕರಿಮದ್ದು ತುಂಬಿ, ಮೇಲಿನದನ್ನು ಬೆರಳಲ್ಲಿ ಸವರಿ ತೆಗೆದು ನಳಿಗೆಗೆ ಸುರಿಯುತ್ತಿದ್ದರು. ಅದರ ಮೇಲೆ ತೆಂಗಿನ ನಾರಿನ ಉಂಡೆ. ಗಜ ಎನ್ನುವ ಉದ್ದನೆಯ ಕಡ್ಡಿಯಿಂದ ಅದನ್ನು ಒತ್ತುವುದು. ಆಮೇಲೆ ಸೀಸದ ಚರೆ, ಅದು ಉದುರದಂತೆ ಮತ್ತೊಂದು ಉಂಡೆ ನಾರು. ಪೆಟ್ಟು ಬಿದ್ದರೆ ಕಿಡಿ ಹಾರಿಸುವ ಕೇಪನ್ನು ಮಾತ್ರ ಅಟ್ಟಣೆ ಏರಿ ಕೂತ ಮೇಲೆಯೇ ಸಿಕ್ಕಿಸುತ್ತಿದ್ದರು. ಇಳಿಯುವ ಮೊದಲು ತೆಗೆಯುತ್ತಿದ್ದರು. ಕೇಪು ಇಲ್ಲದ ಕೋವಿ ಬರೀ ದೊಣ್ಣೆ ಎನ್ನುತ್ತಿದ್ದರು.

ಒಮ್ಮೆ ಪಕ್ಕದ ಹೊಲದವರು ಬಂದು ಆ ಬಿದಿರಿನ ಕೊಳವೆಯನ್ನು ಒಂದು ದಿನದ ಮಟ್ಟಿಗೆ ಕೇಳಿದರು. ಅವರದು ಕಳೆದುಹೋಗಿತ್ತಂತೆ. ಎತ್ತು, ನೇಗಿಲು, ಬೀಜ, ಬೇಕಾದರೆ ದುಡ್ಡು, ಯಾವುದಕ್ಕೂ ಇಲ್ಲ ಎನ್ನದ ದೊಡ್ಡಪ್ಪ ಅಂದು ಕೊಡಲಿಲ್ಲ. ಅವರು ಹೋದ ಮೇಲೆ ಏಕೆ ಎಂದು ಕೇಳಿದೆ. "ಈ ಅಳ್ತೆ ಈ ಕೋವೀದು ಕಣ್ ಮಗ. ಅವ್ನ ಕೋವಿ ಬೇರೆ, ಅದ್ರ ಹೊಟ್ಟೆ ಬೇರೆ" ಅಂದರು. ಆಗ ಅದು ಮುದುಕರ ಹಟದಂತೆ ಕಂಡಿತ್ತು. ಮದ್ದು ಗುಂಡಿನ ವಿದ್ಯೆಯಲ್ಲಿ ತಿಳಿಯಬೇಕಾದದ್ದರ ಅರ್ಧಭಾಗ ಆ ಒಂದು ಮಾತಿನಲ್ಲಿತ್ತು ಎಂದು ಗೊತ್ತಾಗಲು ನನಗೆ ಮೂವತ್ತು ವರ್ಷ ಬೇಕಾಯಿತು.

ಗೊತ್ತಾದದ್ದು ಅಮೆರಿಕದ ಟೆಕ್ಸಸ್‌ನಲ್ಲಿ. ಎಂಜಿನಿಯರ್ ಆಗಿರುವ ನನ್ನ ಅಕ್ಕನ ಮಗ ಅಲ್ಲಿದ್ದಾನೆ. ಕಾರು ನಿಲ್ಲಿಸುವ ಕೋಣೆಯ ಒಂದು ಬದಿಗೆ ಗಟ್ಟಿ ಮೇಜು, ಅದಕ್ಕೆ ಬೋಲ್ಟು ಹಾಕಿ ಬಿಗಿದ ಸಣ್ಣ ಒತ್ತುಯಂತ್ರ, ಗಾಜಿನ ಮುಚ್ಚಳದ ತಕ್ಕಡಿ. "ಬಾ ಮಾವ, ನಿನ್ನ ಊರಿನ ಕೇಪಿನ ಕೋವೀನೇ ಇದು, ಸ್ವಲ್ಪ ಓದಿಕೊಂಡಿದೆ ಅಷ್ಟೇ" ಎಂದು ಕರೆದು ತೋರಿಸಿದ. ಸ್ವಂತ ಬಳಕೆಗೆ ತೋಟಾ ತುಂಬಿಕೊಳ್ಳಲು ಅಲ್ಲಿ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ, ಮಾರುವ ವ್ಯಾಪಾರಕ್ಕೆ ಮಾತ್ರ ಬೇಕು. ವಾರವಾರ ಗುರಿ ಅಭ್ಯಾಸಕ್ಕೆ ಹೋಗುವ ಅವನಿಗೆ ಇದರಿಂದ ಒಂದಿಷ್ಟು ಹಣ ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದೇ ತರಹದ ತೋಟಾ ಸಿಗುತ್ತದೆ.

ತೋಟಾ ಎಂದರೆ ನಾಲ್ಕು ವಸ್ತುಗಳ ಸಂಸಾರ. ಹಿತ್ತಾಳೆಯ ಚಿಪ್ಪು, ಅದರ ತಳದಲ್ಲಿ ಕೂತ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕೇಪಿನ ಕೋವಿಯಲ್ಲಿ ಬಿಡಿಬಿಡಿಯಾಗಿ ನಳಿಗೆಗೆ ಇಳಿಯುತ್ತಿದ್ದುದೆಲ್ಲ ಇಲ್ಲಿ ಒಂದೇ ಹಿತ್ತಾಳೆ ಕೋಣೆಯಲ್ಲಿ ಒಟ್ಟಿಗೆ ಕೂತಿರುತ್ತದೆ. ಶಾಲೆಯಲ್ಲಿ ನಾವೆಲ್ಲ 1857ರ ಕಾಡತೂಸಿನ ಕತೆ ಓದಿದ್ದೇವೆ. ಸಿಪಾಯಿಗಳು ಹಲ್ಲಿನಲ್ಲಿ ಕಚ್ಚಿ ಹರಿಯಬೇಕಿದ್ದ ಅದು ಕಾಗದದ ಕೊಳವೆ, ಒಳಗೆ ಒಂದೀಡಿಗೆ ಬೇಕಾದ ಮದ್ದು ಮತ್ತು ಗುಂಡು. ಕೇಪು ಆಗಿನ್ನೂ ಬೇರೆಯೇ ಇರುತ್ತಿತ್ತು. ಪೆಟ್ಟು ಬಿದ್ದರೆ ಕಿಡಿ ಹಾರುವ ಮದ್ದಿನಿಂದ ಕೋವಿ ಹಚ್ಚುವ ಉಪಾಯಕ್ಕೆ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ 1807ರಲ್ಲಿ ಪೇಟೆಂಟ್ ಪಡೆದಿದ್ದ. ಕಾಗದ ಹೋಗಿ ಹಿತ್ತಾಳೆ ಬಂದು, ಕೇಪು ಅದರ ತಳಕ್ಕೇ ಸೇರಿದ ಮೇಲೆ ಇವತ್ತಿನ ತೋಟಾ ಆಯಿತು. ಗುಂಡು ಹಾರಿದಾಗ ಮದ್ದು ಉರಿದುಹೋಗುತ್ತದೆ, ಕೇಪು ಸಾಯುತ್ತದೆ, ಗುಂಡು ಹೋಗುತ್ತದೆ. ಉಳಿಯುವುದು ಚಿಪ್ಪು ಒಂದೇ, ತೋಟಾದ ಬೆಲೆಯಲ್ಲಿ ಅದರದೇ ದೊಡ್ಡ ಪಾಲು. ಮರುತುಂಬಿಸುವ ಆಸೆ ಹುಟ್ಟುವುದು ಇಲ್ಲಿಂದಲೇ.

ಅಕ್ಕನ ಮಗ ಮಾಡಿ ತೋರಿಸಿದ್ದು ಇಷ್ಟು. ಚಿಪ್ಪನ್ನು ತೊಳೆದು ಒಣಗಿಸಿ, ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಗುಂಡು ಹಾರಿದಾಗ ಹಿತ್ತಾಳೆ ಹಿಗ್ಗಿರುತ್ತದೆ, ಅದನ್ನು ಅಚ್ಚಿಗೆ ಒತ್ತಿ ಮೊದಲಿನ ಗಾತ್ರಕ್ಕೆ ತಂದ, ಜೊತೆಗೇ ಸತ್ತ ಕೇಪು ಉದುರಿತು. ಹೊಸ ಕೇಪು ಕೂರಿಸಿದ. ಕೈಪಿಡಿಯ ಪುಟ ತೆರೆದಿಟ್ಟುಕೊಂಡು, ಅದೇ ಗುಂಡಿಗೆ ಅದೇ ಮದ್ದು ಎಷ್ಟೆಂದು ಎರಡು ಸಲ ಓದಿ, ತೂಗಿ, ಸುರಿದ. ಗುಂಡನ್ನು ನಿಗದಿಯಾದ ಆಳಕ್ಕೆ ಕೂರಿಸಿ ಬಾಯಿ ಬಿಗಿದ. ಒಂದು ತೋಟಾಕ್ಕೆ ಎರಡು ನಿಮಿಷವೂ ಹಿಡಿಯಲಿಲ್ಲ. ವಿಡಿಯೊದಲ್ಲಿ ಕಾಣುವುದು ಈ ಎರಡು ನಿಮಿಷ ಮಾತ್ರ. ಆ ಎರಡು ನಿಮಿಷಕ್ಕೆ ಮೊದಲು ಅವನು ಒಬ್ಬ ಹಿರಿಯರ ಪಕ್ಕದಲ್ಲಿ ವರ್ಷಗಟ್ಟಲೆ ಕೂತು ಕಲಿತದ್ದು, ಕೆಲಸಕ್ಕೆ ಕೂತಾಗ ಫೋನು ಹೊರಗಿಡುವುದು, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ ಇಡುವುದು, ಹೆಂಡತಿ ಮಾತಾಡಿಸಿದರೆ ಆ ಸಾಲಿನ ಚಿಪ್ಪುಗಳನ್ನೆಲ್ಲ ಬರಿದು ಮಾಡಿ ಮೊದಲಿಂದ ಶುರು ಮಾಡುವುದು, ಇವು ಯಾವ ವಿಡಿಯೊದಲ್ಲೂ ಸರಿಯಾಗಿ ಕಾಣುವುದಿಲ್ಲ.

ಇಷ್ಟೊಂದು ನೇಮ ಏಕೆ ಎಂದರೆ ಅಳತೆ ಅಷ್ಟು ಸಣ್ಣದು. ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರು ಹಿಂದೆ ಚಿನ್ನ ತೂಗುತ್ತಿದ್ದ ಗುಲಗಂಜಿ ಇದೆಯಲ್ಲ, ಒಂದು ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಪಿಸ್ತೂಲಿನ ಒಂದು ತೋಟಾದಲ್ಲಿರುವ ಮದ್ದು ಎಷ್ಟೋ ಸಲ ಎರಡು ಮೂರು ಗುಲಗಂಜಿ ತೂಕ ಮಾತ್ರ. ಇಷ್ಟು ಮದ್ದು ಚಿಪ್ಪಿನ ಹೊಟ್ಟೆಯನ್ನು ತುಂಬುವುದೂ ಇಲ್ಲ. ಕೈತಪ್ಪಿ ಎರಡು ಸಲ ಸುರಿದರೂ ಒಳಗೆ ಜಾಗವಿರುತ್ತದೆ, ಮೇಲೆ ಗುಂಡು ಕೂರುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒಂಬತ್ತು ಮಿಲಿಮೀಟರ್ ತೋಟಾ ಒಂದರೊಳಗಿನ ಒತ್ತಡಕ್ಕೆ ಅಮೆರಿಕದ ತಯಾರಕರು ಇಟ್ಟಿರುವ ಮಿತಿ 35,000 ಪಿಎಸ್‌ಐ. ನಮ್ಮ ಬೈಕಿನ ಟೈರಿಗೆ ಹಾಕಿಸುವ ಗಾಳಿ ಮೂವತ್ತು ಚಿಲ್ಲರೆ. ಅಷ್ಟು ಒತ್ತಡ ನಮ್ಮ ಮುಖದಿಂದ ಎರಡು ಅಡಿ ದೂರದಲ್ಲಿ, ಮುಷ್ಟಿಯೊಳಗೆ ಹುಟ್ಟುತ್ತದೆ. ಅಳತೆ ದುಪ್ಪಟ್ಟಾದರೆ ಕೈಬಂದೂಕೇ ಸಿಡಿಯಬಹುದು. ಮದ್ದು ಹಾಕುವುದೇ ಮರೆತರೆ ಇನ್ನೊಂದು ತರಹದ ಅಪಾಯ. ಕೇಪಿನ ಕಸುವಿಗೇ ಗುಂಡು ಸ್ವಲ್ಪ ಜಾರಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಮುಂದಿನದನ್ನು ಹೊಡೆದರೆ ನಳಿಗೆ ಉಬ್ಬಿ ಒಡೆಯುತ್ತದೆ. ಇದರ ಮೇಲೆ ಸೀಸದ ಧೂಳು. ಹಳೆಯ ಕೇಪಿನ ಮಸಿಯಲ್ಲೂ ಗುಂಡಿನಲ್ಲೂ ಇರುವ ಸೀಸ ಕೈಗೆ ಅಂಟಿ ಊಟದ ಜೊತೆ ಹೊಟ್ಟೆ ಸೇರುತ್ತದೆ, ಮಕ್ಕಳಿರುವ ಮನೆಯಲ್ಲಿ ಅದರ ಕೇಡು ಇನ್ನೂ ಹೆಚ್ಚು.

ಇನ್ನೊಂದು ಸಂಗತಿ. ಚಿಪ್ಪುಗಳಲ್ಲಿ ಎರಡು ಜಾತಿ. 1866ರ ಸುಮಾರಿಗೆ ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್ ಒಂದು ಬಗೆಯ ಕೇಪು ಮಾಡಿದ, ಅಮೆರಿಕದ ಹೈರಮ್ ಬರ್ಡನ್ ಇನ್ನೊಂದು ಬಗೆ ಮಾಡಿದ. ಇಂಗ್ಲೆಂಡಿನವನ ಬಗೆ ಅಮೆರಿಕದಲ್ಲಿ ನೆಲೆನಿಂತಿತು, ಅಮೆರಿಕದವನದು ಯೂರೋಪಿನಲ್ಲಿ ಹರಡಿತು. ಬಾಕ್ಸರ್ ಚಿಪ್ಪಿನ ತಳದಲ್ಲಿ ನಟ್ಟನಡುವೆ ಒಂದೇ ತೂತು, ಕಡ್ಡಿ ಇಳಿಸಿ ಒತ್ತಿದರೆ ಸತ್ತ ಕೇಪು ಉದುರುತ್ತದೆ. ಬರ್ಡನ್ ಚಿಪ್ಪಿನಲ್ಲಿ ಸಾಮಾನ್ಯವಾಗಿ ಬದಿಗೆ ಎರಡು ಕಿರುತೂತು, ಕಡ್ಡಿಗೆ ದಾರಿಯೇ ಇಲ್ಲ. ಅಮೆರಿಕದಲ್ಲಿ ಮರುತುಂಬಿಸುವುದು ಮನೆಮಂದಿಯ ಹವ್ಯಾಸವಾಗಿ ಬೆಳೆದದ್ದರ ಹಿಂದೆ ಕಾನೂನಿನ ಸಡಿಲದ ಜೊತೆಗೆ ಈ ನಡುತೂತಿನ ಪಾಲೂ ಇದೆ. ಅಲ್ಲಿನ ವಿಡಿಯೊ ನೋಡಿ ಇಲ್ಲಿನ ಚಿಪ್ಪಿಗೆ ಕೈಹಾಕುವವರು ಮೊದಲ ಹೆಜ್ಜೆಯಲ್ಲೇ ಎಡವಬಹುದು.

ಈಗ ಕಾನೂನಿಗೆ ಬರೋಣ. ನಮ್ಮ ಆಯುಧ ಕಾಯ್ದೆ 1959ರದು. ಅದರ ಕೆಳಗಿನ ನಿಯಮಗಳು 2016ರಲ್ಲಿ ಹೊಸದಾಗಿ ಬಂದವು. ರಿವಾಲ್ವರ್ ಇಟ್ಟುಕೊಳ್ಳಲು, ಅದಕ್ಕೆ ತೋಟಾ ಕೊಳ್ಳಲು ನಿಮಗೆ ಸಿಗುವ ಪರವಾನಗಿ ಒಂದು. ತೋಟಾ ತಯಾರಿಸಲು ಬೇಕಾದ ಪರವಾನಗಿ ಪೂರ್ತಿ ಬೇರೆ, ಅದು ಕಾಯ್ದೆಯ ಐದನೇ ಸೆಕ್ಷನ್ನಿನ ವಿಚಾರ. ಮೊದಲನೆಯದು ಕೈಯಲ್ಲಿದ್ದರೆ ಎರಡನೆಯದು ತಾನಾಗಿ ಬರುವುದಿಲ್ಲ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ಮದ್ದುಗುಂಡು ಎಂದರೆ ಏನು ಎಂದು ಕಾಯ್ದೆ ವಿವರಿಸುವಾಗ ತೋಟಾದ ಬಿಡಿಭಾಗಗಳನ್ನೂ, ತೋಟಾ ತಯಾರಿಸುವ ಯಂತ್ರವನ್ನೂ ಅದರಲ್ಲೇ ಸೇರಿಸಿದೆ. ಎಂದರೆ ಒಂದು ಚಿಟಿಕೆ ಮದ್ದು ಮುಟ್ಟದೆ ಆ ಒತ್ತುಯಂತ್ರವನ್ನು ತರಿಸಿ ಮನೆಯಲ್ಲಿಟ್ಟುಕೊಂಡರೂ ಕಾನೂನಿನ ಕಣ್ಣಿಗೆ ಅದು ಮದ್ದುಗುಂಡೇ. ಪರವಾನಗಿ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು, ಅದು ಜೀವಾವಧಿಯವರೆಗೂ ಹೋಗಬಹುದು. ನೂರಿನ್ನೂರು ರೂಪಾಯಿ ಉಳಿಸಲು ಹೊರಟ ಮರ್ಯಾದಸ್ಥ ಮನೆಯೊಂದು ಆ ಬಾಗಿಲಿಗೆ ಹೋಗಿ ನಿಲ್ಲುವುದನ್ನು ನಾನು ನೋಡಲಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

"ಕೊಡಗಿನವರಿಗೆ ಇಲ್ಲದ ಕಟ್ಟು ನಮಗ್ಯಾಕೆ?" ಎಂಬ ಪ್ರಶ್ನೆ ಪಿರಿಯಾಪಟ್ಟಣದಲ್ಲಿ ಏಳುವುದು ಸಹಜ. ಬೈಲಕುಪ್ಪೆ ದಾಟಿ ಕಾವೇರಿ ಸೇತುವೆ ಕಳೆದರೆ ಕುಶಾಲನಗರ, ಅಲ್ಲಿಂದಾಚೆಗೆ ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಹೂ ಮುಡಿಸಿ ಪೂಜಿಸುವ ನಾಡು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದೆ. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ ಸಂಬಂಧಿಸಿದ್ದು. ಮನೆಯಲ್ಲಿ ತೋಟಾ ತಯಾರಿಸಬಹುದು ಎಂದು ಅದು ಹೇಳುವುದಿಲ್ಲ. ಈ ವಿಷಯದಲ್ಲಿ ಸೇತುವೆಯ ಆಚೆಗೂ ಈಚೆಗೂ ಒಂದೇ ಮಾತು.

ಆಯುಧದ ಕಾನೂನು ಎಂದರೆ ನಮ್ಮವರ ಎದೆಯಲ್ಲಿ ಒಂದು ಹಳೆಯ ನೋವು ಏಳುವುದೂ ನನಗೆ ಗೊತ್ತು. 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಮುಧೋಳ ಸೀಮೆಯ ಹಲಗಲಿ ಬೇಡರು ಒಪ್ಪಲಿಲ್ಲ, ಊರೇ ಉರಿದುಹೋಯಿತು. ಅವರ ಲಾವಣಿ ಇವತ್ತಿಗೂ ಕನ್ನಡ ಪಾಠಗಳಲ್ಲಿದೆ. ಅಂದಿನ ಕಾನೂನು ಆಳಿಸಿಕೊಳ್ಳುವವರ ಕೈ ಬರಿದು ಮಾಡಲು ಬಂದದ್ದು. ಇಂದಿನದು ನಾವೇ ಆರಿಸಿದವರು ಮಾಡಿದ್ದು, ಅದರ ಒಳಗಿರುವುದು ಲೆಕ್ಕದ ಕಾಳಜಿ. ಅಂಗಡಿಯ ಪ್ರತಿ ತೋಟಾ ಪುಸ್ತಕದಲ್ಲಿ ಬರೆಸಿಕೊಂಡು ನಿಮ್ಮ ಮನೆಗೆ ಬರುತ್ತದೆ. ಒಂದು ಬಾರಿಗೆ ಎಷ್ಟು, ವರ್ಷಕ್ಕೆ ಎಷ್ಟು ಎಂಬುದು ಪರವಾನಗಿಯಲ್ಲೇ ಇರುತ್ತದೆ. ಎಲ್ಲಾದರೂ ಒಂದು ಗುಂಡು ಯಾರದೋ ಜೀವ ತೆಗೆದರೆ ಅದರ ಹಾದಿ ಹಿಡಿದು ಹಿಂದಕ್ಕೆ ಬರಲು ಈ ಲೆಕ್ಕ ಬೇಕು. ಮನೆಯಲ್ಲಿ ತುಂಬಿದ ತೋಟಾಕ್ಕೆ ಹಾದಿಯೇ ಇಲ್ಲ. ನೀವು ಎಷ್ಟೇ ಒಳ್ಳೆಯವರಾಗಿರಿ, ನಿಮ್ಮ ಮನೆಯಿಂದ ಕಳುವಾದ ನಾಲ್ಕು ಲೆಕ್ಕವಿಲ್ಲದ ತೋಟಾ ಯಾರ ಕೈ ಸೇರುತ್ತದೋ ಬಲ್ಲವರಾರು?

ಹಾಗಾದರೆ ದೊಡ್ಡಪ್ಪ ಮಾಡುತ್ತಿದ್ದುದು ತಪ್ಪೇ? ಅಲ್ಲ. ಅದೇ ಕಾಯ್ದೆಯ ಹದಿಮೂರನೇ ಸೆಕ್ಷನ್ ರೈತನನ್ನು ನೆನೆದಿದೆ. ಪ್ರಾಮಾಣಿಕವಾಗಿ ಬೆಳೆ ರಕ್ಷಣೆಗೆಂದು ಕೇಳುವವನಿಗೆ ಬಾಯಿಂದ ತುಂಬುವ ಕೋವಿಯ ಪರವಾನಗಿ ಕೊಡಬೇಕು ಎಂದು ಅದು ಹೇಳುತ್ತದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಯನ್ನೂ ಕೊಡಬಹುದು. ನಾಗರಹೊಳೆಯ ಅಂಚಿನ ನಮ್ಮ ತಾಲ್ಲೂಕುಗಳಿಗೆ ಇದು ಬದುಕಿನ ಮಾತು. ಇಂಥ ಕೋವಿಗೆ ಪರವಾನಗಿ ಪಡೆದ ಅಂಗಡಿಯಿಂದ, ಪುಸ್ತಕದಲ್ಲಿ ಬರೆದಷ್ಟು ಮದ್ದು, ಚರೆ, ಕೇಪು ತಂದು ಹೊಲದಲ್ಲಿ ತುಂಬುವುದು ಆ ಕೋವಿಯನ್ನು ಬಳಸುವ ಕ್ರಮವೇ ಹೊರತು ತೋಟಾ ತಯಾರಿಕೆ ಅಲ್ಲ. ಒಂದು ಎಚ್ಚರ ಮಾತ್ರ ಬೇಕು. ಆ ಪರವಾನಗಿ ಕೋವಿಗೆ ಸಿಕ್ಕಿದ್ದು, ಕಾಡುಪ್ರಾಣಿಯ ಜೀವಕ್ಕೆ ಅಲ್ಲ. ಸದ್ದು ಮಾಡಿ ಹಂದಿ, ಆನೆ ಓಡಿಸುವುದು ಬೇರೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕೊಂದರೆ 1972ರ ವನ್ಯಜೀವಿ ಕಾಯ್ದೆ ಕಾದಿರುತ್ತದೆ.

ಕೋವಿಗೆ ಮದ್ದು ತುಂಬುವುದಕ್ಕೂ ತೋಟಾಕ್ಕೆ ಮದ್ದು ತುಂಬುವುದಕ್ಕೂ ಇರುವ ಅಂತರ ಕಾಗದದ್ದಷ್ಟೇ ಎಂದುಕೊಳ್ಳಬೇಡಿ. ನಮ್ಮ ನೆಂಟರಲ್ಲೇ ಒಬ್ಬರು ಅದನ್ನು ಮೈಯಲ್ಲಿ ಅನುಭವಿಸಿದರು. ಒಂದು ಮಳೆಗಾಲ ಅವರ ಬಳಿ ಕರಿಮದ್ದು ಮುಗಿದಿತ್ತು. ಯಾರೋ ಕೊಟ್ಟ ಹನ್ನೆರಡು ಬೋರಿನ ಹಳೆಯ ತೋಟಾಗಳು ಅಟ್ಟದಲ್ಲಿದ್ದವು. ಮದ್ದು ಮದ್ದೇ ತಾನೆ ಎಂದು ಅವನ್ನು ಸೀಳಿ, ಒಳಗಿನದನ್ನು ಸುರುವಿಕೊಂಡು, ತಮ್ಮ ಕೇಪಿನ ಕೋವಿಗೆ ಎಂದಿನ ಅಳತೆಯಲ್ಲೇ ತುಂಬಿದರು. ಈಡು ಹಾರಿದಾಗ ನಳಿಗೆ ಬುಡದಲ್ಲಿ ಸೀಳಿತು. ಎಡಗೈಯ ಎರಡು ಬೆರಳು ಹೋದವು. ಆಸ್ಪತ್ರೆಯ ಮಂಚದ ಮೇಲೆ ಅವರು "ಅಳತೆ ಸರಿಯಾಗೇ ಇತ್ತಲ್ಲ" ಎಂದು ಮತ್ತೆ ಮತ್ತೆ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಳತೆ ಸರಿಯಾಗಿತ್ತು, ಆದರೆ ಅದು ಬೇರೆ ಮದ್ದಿನ ಅಳತೆ.

ಕರಿಮದ್ದು ಗಂಧಕ, ಇದ್ದಿಲು, ಪೆಟ್ಲುಪ್ಪುಗಳ ಬೆರಕೆ, ಹೊಗೆ ಹೆಚ್ಚು, ಕಸುವು ಕಡಿಮೆ. ಇಂದಿನ ತೋಟಾಗಳಲ್ಲಿರುವುದು ಹೊಗೆಯಿಲ್ಲದ ಮದ್ದು. ಫ್ರಾನ್ಸಿನ ಪಾಲ್ ವಿಯೆಯ್ 1884ರಲ್ಲಿ ನೈಟ್ರೋಸೆಲ್ಯುಲೋಸಿನಿಂದ ಅದನ್ನು ಮಾಡಿ ತೋರಿಸಿದ. ಅದೇ ತೂಕಕ್ಕೆ ಅದರ ಬಲ ಹಲವು ಪಾಲು ಹೆಚ್ಚು, ಬಿಗಿದಿಟ್ಟಷ್ಟೂ ಬೇಗ ಉರಿಯುತ್ತದೆ. ಹೊಗೆಯಿಲ್ಲದ ಮದ್ದಿನಲ್ಲೂ ಹತ್ತಾರು ಬಗೆ. ಪಿಸ್ತೂಲಿನದು ಚುರುಕು, ರೈಫಲ್ಲಿನದು ನಿಧಾನ. ಕಣ್ಣಿಗೆ ಎಲ್ಲವೂ ಸಣ್ಣ ಸಣ್ಣ ಕಾಳು, ಹಪ್ಪಳದ ಚೂರಿನಂಥ ತುಣುಕು. ಬಣ್ಣ ನೋಡಿ, ಕೈಯಲ್ಲಿ ಉಜ್ಜಿ ಯಾವುದು ಎಂದು ಹೇಳಬಲ್ಲವರು ಯಾರೂ ಇಲ್ಲ. ಟೆಕ್ಸಸ್‌ನಲ್ಲಿ ಅಕ್ಕನ ಮಗ ಡಬ್ಬಿಯ ಚೀಟಿ ಹರಿದುಹೋಗಿದ್ದ ಮದ್ದನ್ನು ಬಳಸದೆ ವಿಲೇವಾರಿ ಮಾಡಿದ್ದ. ಹಾಗೇಕೆ ಎಂದಾಗ, "ಮಾವ, ಹೆಸರಿಲ್ಲದ ಮದ್ದು, ಇನ್ನೊಬ್ಬರ ಅಳತೆ, ಇವೆರಡನ್ನು ಮುಟ್ಟಬಾರದು ಅಂತ ಮೊದಲ ಪಾಠ" ಎಂದ. ದೊಡ್ಡಪ್ಪನ ಬಿದಿರಿನ ಕೊಳವೆ ನನ್ನ ಕಣ್ಣ ಮುಂದೆ ಬಂದದ್ದು ಆ ಕ್ಷಣ. ಓದಿಲ್ಲದ ರೈತ ಹೊಲದಲ್ಲಿ ನಿಂತು ಹೇಳಿದ್ದೂ, ತಕ್ಕಡಿ ಕೈಪಿಡಿ ಇಟ್ಟುಕೊಂಡ ಎಂಜಿನಿಯರ್ ಹೇಳಿದ್ದೂ ಒಂದೇ ಮಾತು. ಅಳತೆ ಎನ್ನುವುದು ಆ ಮದ್ದು, ಆ ಗುಂಡು, ಆ ಕೋವಿ ಮೂರೂ ಸೇರಿದಾಗ ಮಾತ್ರ ನಿಜ. ಅದನ್ನು ಕಡ ಕೊಡಲು ಬರುವುದಿಲ್ಲ, ವಿಡಿಯೊದಿಂದ ಕಡ ತರಲೂ ಬರುವುದಿಲ್ಲ.

ಹಾಗಾದರೆ ರಿವಾಲ್ವರ್ ಇಟ್ಟುಕೊಂಡವರು ಮಾಡಬೇಕಾದ್ದೇನು? ತೋಟಾವನ್ನು ಪರವಾನಗಿ ಇರುವ ಅಂಗಡಿಯಲ್ಲೇ, ರಸೀದಿ ಪಡೆದು, ಪುಸ್ತಕದಲ್ಲಿ ಬರೆಸಿಯೇ ಕೊಳ್ಳಿ. ಒಮ್ಮೆ ಸಿಗದಿದ್ದರೆ ಕಾಯಿರಿ. ಹಳೆಯದಾದ, ನೀರು ಕುಡಿದ, ಹಸಿರು ಕಿಲುಬು ಹಿಡಿದ ತೋಟಾ ಇದ್ದರೆ ಬಿಚ್ಚಬೇಡಿ, ಬಿಸಿಲಿಗಿಡಬೇಡಿ, ಕೆರೆಗೆ ಎಸೆಯಬೇಡಿ. ಅದೇ ಅಂಗಡಿಯವರನ್ನೋ ಪೊಲೀಸ್ ಠಾಣೆಯನ್ನೋ ಕೇಳಿ ಒಪ್ಪಿಸಿ. ಕೇಪಿನ ಕೋವಿಯವರು ಮದ್ದನ್ನೂ ಕೇಪನ್ನೂ ಒಂದೇ ಡಬ್ಬಿಯಲ್ಲಿಡಬೇಡಿ. ಹಿಂದಿನವರು ಒಲೆಯ ಮೇಲಿನ ಅಟ್ಟದಲ್ಲಿ ಮದ್ದು ಬೆಚ್ಚಗಿರುತ್ತದೆಂದು ಇಡುತ್ತಿದ್ದರು, ಅದನ್ನು ಖಂಡಿತ ಬಿಡಿ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಹತ್ತಿರವಂತೂ ಬೇಡವೇ ಬೇಡ, ರಾತ್ರಿ ಹಗಲು ಬೆಂಕಿ ಇರುವ ಜಾಗ ಅದು. ಚುನಾವಣೆ ಬಂದಾಗ ಠಾಣೆಗೆ ಕೋವಿ ಒಪ್ಪಿಸಬೇಕಾಗಿ ಬಂದರೆ ಉಳಿದ ತೋಟಾಗಳ ಲೆಕ್ಕವನ್ನೂ ಜೊತೆಗೇ ಬರೆದಿಟ್ಟುಕೊಳ್ಳಿ.

ನಿಜವಾದ ಆಸೆ ಗುರಿಯದಾಗಿದ್ದರೆ ಅದಕ್ಕೆ ಮದ್ದಿಲ್ಲದ ದಾರಿ ಇದೆ. ಹತ್ತು ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಹಾರುವುದು 4.5 ಮಿಲಿಮೀಟರಿನ ಸೀಸದ ಕಾಳು, ಅದನ್ನು ದೂಡುವುದು ಒತ್ತಿದ ಗಾಳಿ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಅದೇ ಸ್ಪರ್ಧೆಯಲ್ಲಿ. ನೂರು ರೂಪಾಯಿಯ ತೋಟಾ ಹೊಡೆದು ಕಲಿಯುವ ಉಸಿರಿನ ಹಿಡಿತ, ಬೆರಳಿನ ಮೃದುತನ, ಕಣ್ಣಿನ ತಾಳ್ಮೆ ಎಲ್ಲವನ್ನೂ ಕಿರುಬೆಲೆಯ ಕಾಳಿನಲ್ಲೂ ಕಲಿಯಬಹುದು. ಊರಿನ ಹುಡುಗರಿಗೆ ಕೋವಿಯ ಮೋಹ ಹುಟ್ಟುವುದನ್ನು ತಡೆಯಲಾಗದು, ಆ ಮೋಹಕ್ಕೆ ಗುರುವನ್ನೂ ನಿಯಮವನ್ನೂ ಜೊತೆ ಮಾಡಿಕೊಡುವುದು ಹಿರಿಯರ ಕೈಯಲ್ಲಿದೆ.

ಇಷ್ಟನ್ನೂ ಆ ಯೋಧರಿಗೆ ಹೇಳಿ ಮುಗಿಸುವ ಹೊತ್ತಿಗೆ ಎರಡನೇ ಕಾಫಿಯೂ ಆರಿತ್ತು. ಅವರು ಮೇಜಿನ ಮೇಲಿದ್ದ ಚಿಪ್ಪುಗಳನ್ನು ಬೆರಳಲ್ಲಿ ತಿರುಗಿಸುತ್ತಾ, "ಹಂಗಾದ್ರೆ ಇವನ್ನ ಇಟ್ಕೊಳೋದೂ ತಪ್ಪಾ ಸಾರ್?" ಎಂದರು. ಮತ್ತೆ ಬಳಸುವ ಉದ್ದೇಶವಿಲ್ಲದ ಸಣ್ಣ ಬಿಡಿಭಾಗವನ್ನು ಕಾಯ್ದೆಯ ನಲವತ್ತೈದನೇ ಸೆಕ್ಷನ್ ತನ್ನ ಹಿಡಿತದಿಂದ ಹೊರಗಿಟ್ಟಿದೆ, ನೆನಪಿಗೆ ಇಟ್ಟುಕೊಂಡರೆ ತಪ್ಪಿಲ್ಲ, ಕೇಪು ಮದ್ದು ಪಕ್ಕದಲ್ಲಿಟ್ಟುಕೊಂಡರೆ ಉದ್ದೇಶ ಬೇರೆಯಾಗುತ್ತದೆ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಪಲ್ಟನ್ನಲ್ಲಿ ಫೈರಿಂಗ್ ಮುಗಿದ ಮೇಲೆ ಖಾಲಿ ಚಿಪ್ಪು ಎಣಿಸಿ ಒಪ್ಪಿಸಬೇಕಿತ್ತು ಸಾರ್. ಒಂದು ಕಮ್ಮಿ ಆದ್ರೂ ಇಡೀ ಸಾಲು ಹುಲ್ಲಲ್ಲಿ ಮಂಡಿ ಊರಿ ಹುಡುಕ್ತಿದ್ವಿ. ಕತ್ತಲಾದ್ರೂ ಎದ್ದೇಳಂಗಿರ್ಲಿಲ್ಲ" ಎಂದರು. ಅಷ್ಟು ಹೇಳಿ ಎರಡೂ ಚಿಪ್ಪನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡರು.

ದೊಡ್ಡಪ್ಪ ತೀರಿಕೊಂಡಾಗ ಕೋವಿಯನ್ನು ಠಾಣೆಗೆ ಒಪ್ಪಿಸಿದೆವು. ಬಿದಿರಿನ ಕೊಳವೆ ಮನೆಯಲ್ಲಿ ಉಳಿಯಿತು. ಆ ಕೋವಿ ಇಲ್ಲದ ಮೇಲೆ ಅದು ಯಾವುದರ ಅಳತೆಯೂ ಅಲ್ಲ.